ಅಜ್ಜನವರ ಕಿಟೆಲ್ ನಿಘಂಟಿಗೆ ಹೊಸ ರಟ್ಟು ಹಾಕಿಸಬಹುದೇ?

ಪ್ರಶ್ನೆ (ದಾವಣಗೆರೆ): ಮಂಡಿಪೇಟೆಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಅಜ್ಜನವರ ಪುಸ್ತಕಗಳ ನಡುವೆ, ಮಂಗಳೂರು, 1894 ಎಂದು ಶೀರ್ಷಿಕೆ ಪುಟದಲ್ಲಿರುವ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಸಿಕ್ಕಿದೆ. ಬೆನ್ನು ಕಿತ್ತುಬಂದಿದೆ, ಅಂಚನ್ನು ಅಲ್ಲಲ್ಲಿ ಹುಳು ತಿಂದಿದೆ. ಅಂಗಡಿಗಳ ಖಾತೆ ಪುಸ್ತಕ ಕಟ್ಟುವ ಪರಿಚಿತರು ಅಂಚನ್ನು ಕತ್ತರಿಸಿ ಹೊಸ ರಟ್ಟು ಹಾಕಿಕೊಡುವುದಾಗಿ ಹೇಳುತ್ತಾರೆ. ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬರು ಫೋನಿನಲ್ಲೇ ಬೆಲೆ ಹೇಳಿದರು. ಇದು ಮೊದಲ ಮುದ್ರಣವೇ ಎಂದು ತಿಳಿಯುವುದು ಹೇಗೆ?

ಉತ್ತರ 1 (ಚಿತ್ರದುರ್ಗ): ನಾನು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವನು. ಇಸವಿಯೊಂದನ್ನೇ ನಂಬಬೇಡಿ, ಮೂಲವನ್ನು ಚಿತ್ರ ತೆಗೆದು ಮರುಮುದ್ರಿಸಿದ ಪ್ರತಿಗಳಲ್ಲೂ ಹಳೆಯ ಶೀರ್ಷಿಕೆ ಪುಟವೇ ಇರುವುದುಂಟು. ಹಾಳೆಯ ಹಿಂಬದಿಯನ್ನು ಬೆರಳ ತುದಿಯಿಂದ ತಡವಿ, ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಸೀಸದ ಮೊಳೆ ಕಾಗದವನ್ನು ಒತ್ತಿದಲ್ಲಿ ಸಣ್ಣ ಉಬ್ಬು ಕಾಣಿಸುತ್ತದೆ, ಮೊಳೆಯಿಲ್ಲದೆ ಮುದ್ರಿಸಿದ ಆಫ್‌ಸೆಟ್ ಹಾಳೆ ಸಮತಟ್ಟಾಗಿರುತ್ತದೆ. ಒತ್ತಕ್ಷರಗಳೊಂದಿಗೆ ರೋಮನ್ ಅಕ್ಷರಗಳನ್ನೂ ಒಂದೇ ಸಾಲಿಗೆ ಕೂಡಿಸಿ, 1,700ಕ್ಕೂ ಹೆಚ್ಚು ಪುಟಗಳನ್ನು ಕೈಯಿಂದಲೇ ಜೋಡಿಸಿದವರ ತಾಳ್ಮೆಯನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಮದ್ರಾಸು ವಿಶ್ವವಿದ್ಯಾನಿಲಯದ, ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳ ಆವೃತ್ತಿ ಬೇರೆ. ಅದು 1968ರಿಂದ ಈಚಿನದು.

ಉತ್ತರ 2: ದಯವಿಟ್ಟು ಅಂಚನ್ನು ಕತ್ತರಿಸಲು ಬಿಡಬೇಡಿ. ಇಂಗ್ಲೆಂಡಿನಲ್ಲಿ 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ತೆರೆದ ವಿಲಿಯಂ ಮಾರಿಸ್, ಎದುರುಬದುರಾದ ಎರಡು ಪುಟಗಳನ್ನು ಒಂದೇ ಘಟಕವೆಂದು ತಿಳಿದು, ಒಳಗಿನ ಅಂಚು ಎಲ್ಲಕ್ಕಿಂತ ಕಿರಿದಾಗಿ, ಮೇಲಿನದು ಅದಕ್ಕಿಂತ, ಹೊರಗಿನದು ಇನ್ನೂ ಅಗಲವಾಗಿ, ಕೆಳಗಿನದು ಎಲ್ಲಕ್ಕಿಂತ ಅಗಲವಾಗಿ ಇರಬೇಕೆಂದು ಪಟ್ಟುಹಿಡಿದಿದ್ದರು. ನಿಮ್ಮ ನಿಘಂಟು ಅಂಥ ಅಲಂಕಾರದ ಪುಸ್ತಕವಲ್ಲ, ಆದರೂ ಪುಟದ ಅಳತೆ ಅದನ್ನು ಮುದ್ರಿಸಿದವರ ತೀರ್ಮಾನ. ಒಮ್ಮೆ ಕತ್ತರಿಸಿದರೆ ಮರಳಿ ಬಾರದು. ಅಂಟುಟೇಪು ಬೇಡ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಅಳತೆಗೆ ತಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಕಿತ್ತುಬಂದ ಬೆನ್ನನ್ನೂ ಜೊತೆಗೇ ಇಡಿ.

ಉತ್ತರ 3: ಹಾಳೆಗಳನ್ನು ಒಂದೊಂದಾಗಿ ಎಣಿಸದೆ ಹೇಳಿದ ಬೆಲೆ ಬೆಲೆಯೇ ಅಲ್ಲ. ಒಂದು ಹಾಳೆ ಕಡಿಮೆಯಾದರೂ ಸಂಗ್ರಾಹಕರು ಹಿಂಜರಿಯುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಉಬ್ಬು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. ಎಣಿಸಿದಾಗ ಕೊನೆಯ ನಾಲ್ಕು ಹಾಳೆಗಳಿಲ್ಲ. ಅಟ್ಟದ ಉಳಿದ ಕಟ್ಟುಗಳನ್ನು ಬಿಚ್ಚಿ ಹುಡುಕುತ್ತಿದ್ದೇನೆ. ರಟ್ಟು ಹಾಕುವವರಿಗೆ ಪೆಟ್ಟಿಗೆಯನ್ನು ಮಾತ್ರ ಮಾಡಿಕೊಡಲು ಹೇಳಿದ್ದೇನೆ.