ಪದಚರ್ಚೆ: ‘ಹಿಂದಿನ ಬ್ರೇಕ್’ ಎಂದರೆ ಹಳೆಯದೋ, ಹಿಂಚಕ್ರದ್ದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಈ ಸಲದ ನನ್ನ ಪ್ರಶ್ನೆ ಹಳಗನ್ನಡದ್ದಲ್ಲ, ಗ್ಯಾರೇಜಿನದು. ಹೈಸ್ಕೂಲಿನಲ್ಲಿ ನನ್ನ ಬಳಿ ಕನ್ನಡ ಕಲಿತ ಹುಡುಗನೊಬ್ಬ ಈಗ ಹಾಸನದಲ್ಲಿ ಬೈಕ್ ರಿಪೇರಿ ಅಂಗಡಿ ನಡೆಸುತ್ತಿದ್ದಾನೆ. ಹುಡುಗ ಎಂದೆ, ನಲವತ್ತು ದಾಟಿದೆ. ರಾಯಲ್ ಎನ್‌ಫೀಲ್ಡ್ ಕಂಪನಿಯ ಹಳೆಯ ಥಂಡರ್‌ಬರ್ಡ್ 350 ಬೈಕುಗಳ ಹಿಂಚಕ್ರದ ಡ್ರಮ್ ಬ್ರೇಕ್ ಬಿಚ್ಚಿ ಡಿಸ್ಕ್ ಬ್ರೇಕ್ ಕೂಡಿಸುವುದರಲ್ಲಿ ಅವನ ಕೈ ಪಳಗಿದೆ. ಕೆಲಸ ಮುಗಿಸಿ ಬೈಕ್ ಒಪ್ಪಿಸುವಾಗ ಗಿರಾಕಿಗೊಂದು ಸೂಚನೆಯ ಹಾಳೆ ಕೊಡಬೇಕೆಂದು ತಾನೇ ಬರೆದು, ‘ಮೇಷ್ಟ್ರೇ, ತಪ್ಪಿದ್ದರೆ ತಿದ್ದಿಕೊಡಿ’ ಎಂದು ತಂದ. ಮೂರು ಒತ್ತಕ್ಷರ ತಿದ್ದಿ, ಒಂದು ಅಲ್ಪವಿರಾಮ ಹಾಕಿ, ಭೇಷ್ ಎಂದು ಕಳುಹಿಸಿದೆ. ಅದರಲ್ಲಿ ಹೀಗೊಂದು ಸಾಲಿತ್ತು:

‘ಹಿಂದಿನ ಬ್ರೇಕಿನಂತೆ ಇದನ್ನು ಜೋರಾಗಿ ತುಳಿಯಬೇಡಿ.’

ವಾರದೊಳಗೆ ಸಕಲೇಶಪುರದ ಕಡೆಯ ಗಿರಾಕಿಯೊಬ್ಬರು ಫೋನ್ ಮಾಡಿ, ‘ಇದೇ ಹಿಂದಿನ ಬ್ರೇಕ್ ಅಲ್ಲವೇನಪ್ಪಾ? ಇದನ್ನು ಇದರಂತೆ ತುಳಿಯಬೇಡಿ ಎಂದರೆ ಇನ್ನು ಹೇಗೆ ತುಳಿಯಲಿ?’ ಎಂದು ಕೇಳಿದರಂತೆ. ಶಿಷ್ಯ ಬರೆದದ್ದು ತೆಗೆದುಹಾಕಿದ ಬ್ರೇಕಿನ ಮಾತು. ಅವರು ಓದಿಕೊಂಡದ್ದು ಹಿಂಚಕ್ರದ ಬ್ರೇಕಿನ ಮಾತು. ನಡುವೆ ಭೇಷ್ ಎಂದವನು ನಾನು.

ನಗುವ ವಿಷಯವೇ, ಆದರೆ ಆ ಸಾಲಿನ ಮೇಲೆ ಸವಾರನ ಮೈಕೈ ನಿಂತಿದೆ. ಥಂಡರ್‌ಬರ್ಡ್‌ನಂಥ ಕ್ರೂಸರ್ ಬೈಕಿನಲ್ಲಿ ಸೀಟು ತಗ್ಗು, ಎರಡು ಚಕ್ರಗಳ ನಡುವಿನ ಅಂತರ ಹೆಚ್ಚು, ಸವಾರನ ಭಾರ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಹಿಂಚಕ್ರದ ಬ್ರೇಕಿಗೆ ಬೇರೆ ಬೈಕುಗಳಲ್ಲಿ ಇಲ್ಲದಷ್ಟು ದುಡಿಮೆ ಇಲ್ಲಿದೆ. 153 ಮಿ.ಮೀ. ಡ್ರಮ್ಮನ್ನು ವರ್ಷಗಟ್ಟಲೆ ಬಲವಾಗಿ ತುಳಿದು ರೂಢಿಯಾದ ಕಾಲು, ಕಡಿಮೆ ಒತ್ತಿದರೂ ಬಲವಾಗಿ ಹಿಡಿಯುವ 240 ಮಿ.ಮೀ. ಡಿಸ್ಕನ್ನೂ ಅದೇ ಬಿರುಸಿನಲ್ಲಿ ತುಳಿದರೆ ಒದ್ದೆ ರಸ್ತೆಯಲ್ಲಿ ಚಕ್ರ ತಿರುಗುವುದನ್ನು ನಿಲ್ಲಿಸಿ ಪಕ್ಕಕ್ಕೆ ಜಾರುತ್ತದೆ. ಚಕ್ರ ಹೀಗೆ ನಿಂತುಹೋಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ 125 ಸಿಸಿ ಮೀರಿದ ಬೈಕುಗಳಿಗೆಲ್ಲ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಶಿಷ್ಯನ ಬಳಿ ಬರುವ ಬೈಕುಗಳೆಲ್ಲ ಅದಕ್ಕಿಂತ ಹಿಂದಿನವು. (ಈ ‘ಹಿಂದಿನ’ ಕಾಲದ್ದು.)

ಕನ್ನಡದಲ್ಲಿ ಕಳೆದುಹೋದದ್ದು ಬೆನ್ನ ಕಡೆ ಇದೆ, ಬರಲಿರುವುದು ಮುಖದ ಕಡೆ ಇದೆ. ಆದ್ದರಿಂದ ಒಂದೇ ‘ಹಿಂದೆ’ ಜಾಗಕ್ಕೂ ಆಗುತ್ತದೆ, ಕಾಲಕ್ಕೂ ಆಗುತ್ತದೆ. ಸಾಮಾನ್ಯವಾಗಿ ಜೊತೆಯ ನಾಮಪದವೇ ಗೊಂದಲ ಬಿಡಿಸುತ್ತದೆ. ಹಿಂದಿನ ಹೆಡ್‌ಮಾಸ್ಟರ್ ಎಂದರೆ ಕೊನೆಯ ಸಾಲಿನಲ್ಲಿ ಕುಳಿತವರು ಎಂದು ಯಾರೂ ತಿಳಿಯುವುದಿಲ್ಲ. ಹಿಂದಿನ ಬೆಂಚು ಎಂದರೆ ಹರಾಜಾದ ಹಳೆಯ ಬೆಂಚು ಎಂದೂ ತಿಳಿಯುವುದಿಲ್ಲ. ಜಾಗ, ಕಾಲ ಎರಡಕ್ಕೂ ಒಗ್ಗುವ ವಸ್ತು ಬಂದಾಗ ಮಾತ್ರ ಎಡವುತ್ತೇವೆ. ಬಸ್ಸನ್ನು ನೋಡಿ. ‘ಅವರು ಹಿಂದಿನ ಬಸ್ಸಿಗೆ ಹೋದರು’ ಎಂದರೆ ಆಗಲೇ ಹೊರಟುಹೋದ ಬಸ್ಸು. ಬಾಗಿಲಲ್ಲಿ ನೇತಾಡುವವರನ್ನು ಇಳಿಸಿ ಕಂಡಕ್ಟರ್ ‘ಹಿಂದಿನ ಬಸ್ಸಿಗೆ ಬನ್ನಿ’ ಎಂದರೆ ಇನ್ನೂ ಬರಬೇಕಾದ ಬಸ್ಸು. ಒಂದೇ ಪದ, ಒಂದೇ ನಿಲ್ದಾಣ, ಆದರೆ ಒಂದು ಬಸ್ಸು ಹೋಗಿಯಾಗಿದೆ, ಇನ್ನೊಂದು ಬಂದಿಲ್ಲ. ಬ್ರೇಕ್ ಬದಲಾಯಿಸುವ ಬರಹದಲ್ಲಿ ಹಳತು ಹೊಸತು, ಮುಂದು ಹಿಂದು ನಾಲ್ಕೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಗಂಟು ಅಲ್ಲಿ ಇನ್ನೂ ಬಿಗಿ.

ಬದಲಿಗೆ ಏನು ಬಳಸಬಹುದು? ‘ಹಿಂಬದಿ ಬ್ರೇಕ್’ ಎನ್ನಬಹುದು. ಪತ್ರಿಕೆಗಳ ‘ಹಿಂಬದಿ ಸವಾರ’ನಿಂದಾಗಿ ಎಲ್ಲರ ಕಿವಿಗೂ ಬಿದ್ದ ಪದ, ಕಾಲದ ಸೋಂಕಿಲ್ಲ. ಆದರೆ ಬದಿ ಎಂಬುದು ಪಕ್ಕವನ್ನೂ ನೆನಪಿಗೆ ತರುತ್ತದೆ, ಡಿಸ್ಕ್ ಇರುವುದೋ ಚಕ್ರದ ಒಂದು ಪಕ್ಕದಲ್ಲೇ. ‘ಹಿಂಗಾಲಿ’ಯನ್ನು ನಾನೇ ಹೊಳೆಸಿಕೊಂಡು ಹಿಗ್ಗಿದೆ, ಚತುರ್ಥಿ ವಿಭಕ್ತಿಯವರೆಗೆ ಮಾತ್ರ. ‘ಹಿಂಗಾಲಿ’ ಎಂಬುದಕ್ಕೂ ‘ಹಿಂಗಾಲಿಗೆ’, ‘ಹಿಂಗಾಲು’ ಎಂಬುದಕ್ಕೂ ‘ಹಿಂಗಾಲಿಗೆ’! ಚಕ್ರಕ್ಕೆ ಹೇಳಿದೆವೋ ಹಸುವಿಗೆ ಹೇಳಿದೆವೋ ತಿಳಿಯುವುದಿಲ್ಲ. ಶಿಷ್ಯನ ಅಂಗಡಿಯಲ್ಲಿ ಎಲ್ಲರೂ ಹೇಳುವುದು ‘ಕಾಲುಬ್ರೇಕ್’. ಅದು ಸವಾರನ ಕಡೆಯಿಂದ ನೋಡಿ ಹುಟ್ಟಿದ ಒಳ್ಳೆಯ ಪದ. ಗೇರು ಬಲಕ್ಕೆ, ಬ್ರೇಕು ಎಡಕ್ಕೆ ಇದ್ದ ಹಳೆಯ ಬುಲೆಟ್‌ಗೂ ಅದು ಸಲ್ಲುತ್ತದೆ, ಏಕೆಂದರೆ ಯಾವ ಕಾಲು ಎಂದು ಅದು ಹೇಳುವುದೇ ಇಲ್ಲ. ಆದರೆ ಈಗಿನ ಗೇರಿಲ್ಲದ ಸ್ಕೂಟರಿನಲ್ಲಿ ಹಿಂಚಕ್ರ ನಿಲ್ಲಿಸುವುದು ಎಡಗೈ. ಜೊತೆಗೆ ‘ಮೊದಮೊದಲು ಕಾಲು ಬ್ರೇಕ್ ಹಿಡಿದರೆ ಸಾಕು’ ಎಂದು ಬರೆದರೆ ಕಾಲುಭಾಗ ಎಂದು ಓದುವವರು ಖಂಡಿತ ಇದ್ದಾರೆ. ನನ್ನ ಒಲವು ‘ಹಿಂಚಕ್ರದ ಬ್ರೇಕ್’ ಕಡೆಗೆ. ಉದ್ದವಾಯಿತು, ಒಪ್ಪುತ್ತೇನೆ.

ಹಾಳೆಯ ತಲೆಬರಹದಲ್ಲೂ ತಕರಾರಿದೆ. ‘ಹಿಂದಿನ ಬ್ರೇಕ್ ಮೇಲ್ದರ್ಜೆಗೇರಿಸುವಿಕೆ’ ಎಂದು ಬರೆದುಕೊಂಡಿದ್ದ. ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ತಾಲ್ಲೂಕು ಆಸ್ಪತ್ರೆ ಮಾಡುವಾಗ ಸರ್ಕಾರ ಬಳಸುವ ಪದ ಅದು. ಬ್ರೇಕಿಗೆ ಹಾಕಿದರೆ ಹಿಂಚಕ್ರಕ್ಕೆ ವೈದ್ಯಾಧಿಕಾರಿಯ ನೇಮಕವಾದಂತೆ ಕೇಳಿಸುತ್ತದೆ. ‘ಮಾರ್ಪಾಡು’ ಎನ್ನೋಣವೆಂದರೆ ಅದು ಕಾನೂನಿನ ಪದ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇರುವುದೇ ವಾಹನದ ಮಾರ್ಪಾಡಿನ ಬಗ್ಗೆ. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿಯೂ ಆಗಿದೆ. ಕಂಪನಿಯೇ 2012ರಿಂದ ಥಂಡರ್‌ಬರ್ಡಿನ ಹಿಂಚಕ್ರಕ್ಕೆ ಡಿಸ್ಕ್ ಕೊಟ್ಟಿದೆಯಲ್ಲ ಎಂಬುದು ಶಿಷ್ಯನ ವಾದ. ಆರ್‌ಟಿಒ ಕಚೇರಿಯಲ್ಲಿ ಕೇಳದೆ ಕೈಹಾಕಬೇಡ ಎಂಬುದು ನನ್ನದು. ಅದೇನೇ ಇರಲಿ, ಗಿರಾಕಿಗಳು ಅಂಗಡಿಗೆ ಬಂದು ಹೇಳುವುದು ‘ಡಿಸ್ಕ್ ಹಾಕಿಸಬೇಕು’ ಎಂದು. ನಮ್ಮ ‘ಇಸು’ ಪ್ರತ್ಯಯದಲ್ಲಿ ಮಾಡುವವನು ಬೇರೆ, ಮಾಡಿಸುವವನು ಬೇರೆ ಎಂಬುದೂ ಸೇರಿದೆ. ಅದನ್ನು ಬಿಟ್ಟು ಮೇಲ್ದರ್ಜೆಗೆ ಏಕೆ ಏರಬೇಕು?

‘ಕ್ರೂಸರ್’ ಎಂದಷ್ಟೇ ಬರೆಯಬೇಡ, ‘ಕ್ರೂಸರ್ ಬೈಕ್’ ಎಂದೇ ಬರೆ ಎಂದೂ ಹೇಳಿದ್ದೇನೆ. ಕಲಬುರಗಿ, ವಿಜಯಪುರದ ಕಡೆ ಬರಿಯ ಕ್ರೂಸರ್ ಎಂದರೆ ಜನರನ್ನು ತುಂಬಿಕೊಂಡು ಮದುವೆಗೋ ಜಾತ್ರೆಗೋ ಹೊರಟ ನಾಲ್ಕು ಚಕ್ರದ ಗಾಡಿ.

ನನಗೆ ನಿಜವಾಗಿ ರುಚಿ ಹತ್ತಿಸಿದ್ದು ಕ್ರಿಯಾಪದಗಳು. ಒಂದು ಮಧ್ಯಾಹ್ನ ಅವನ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದೆ. ಬಿಡಿಭಾಗಗಳಿಗೆಲ್ಲ ಇಂಗ್ಲಿಷ್ ಹೆಸರೇ: ಹಬ್, ಪ್ಯಾಡು, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್. ನನಗದರಲ್ಲಿ ಜಗಳವಿಲ್ಲ. ಆದರೆ ಆ ಭಾಗಗಳು ಮಾಡುವ ಕೆಲಸಕ್ಕೆ ಬಂದೊಡನೆ ಎಲ್ಲರೂ ಕನ್ನಡಕ್ಕೆ ಇಳಿಯುತ್ತಿದ್ದರು. ಅದರಲ್ಲೂ ‘ಹಿಡಿ’ ಎಂಬ ಒಂದು ಧಾತುವಿನಲ್ಲೇ ಅರ್ಧ ಗ್ಯಾರೇಜು ನಡೆಯುತ್ತಿತ್ತು. ಸವಾರ ಬ್ರೇಕ್ ಹಿಡಿಯುತ್ತಾನೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಇದು ಹೊಗಳಿಕೆ. ಬ್ರೇಕ್ ಹಿಡಿದುಕೊಂಡಿದೆ; ಇದು ದೂರು, ಕಾಲು ತೆಗೆದರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದೆ ಎಂದರ್ಥ. ಒಂದು ‘ಕೊಳ್ಳು’ ಸೇರಿದೊಡನೆ ಗುಣವೇ ರೋಗವಾಯಿತು. ಇನ್ನು ಚಕ್ರ ಪೂರಾ ನಿಂತು ಜಾರಿದರೆ ‘ಹಿಡಿದುಬಿಟ್ಟಿತು’. ಬಿಟ್ಟಿತು ಎನ್ನುತ್ತೇವೆ, ಬಿಟ್ಟಿರುವುದೇನೂ ಇಲ್ಲ! ಅದೇ ಮಾತನ್ನು ನಡುವೆ ಜಾಗ ಬಿಟ್ಟು ‘ಹಿಡಿದು ಬಿಟ್ಟಿತು’ ಎಂದು ಬರೆದರೆ ಹಿಡಿಯಿತು, ಆಮೇಲೆ ಬಿಟ್ಟಿತು ಎಂದಾಗುತ್ತದೆ. ಎಬಿಎಸ್ ಮಾಡುವ ಕೆಲಸ ಅದೇ ತಾನೇ? ಚಕ್ರ ನಿಂತುಹೋಗದಂತೆ ಹಿಡಿದು ಹಿಡಿದು ಬಿಡುತ್ತದೆ. ಎಬಿಎಸ್ ಇಲ್ಲದ ಬೈಕ್ ಹಿಡಿದುಬಿಡುತ್ತದೆ, ಇರುವ ಬೈಕ್ ಹಿಡಿದು ಬಿಡುತ್ತದೆ. ಮೂವತ್ತು ವರ್ಷ ಸಂಯುಕ್ತ ಕ್ರಿಯಾಪದ ಪಾಠ ಮಾಡಿದವನಿಗೆ ಇಂಥ ಉದಾಹರಣೆ ಒಂದು ದಿನವೂ ಹೊಳೆದಿರಲಿಲ್ಲ.

ಚಾರ್ಮಾಡಿ ಘಾಟಿ ಇಳಿಯುವಾಗ ಬಿಡದೆ ತುಳಿದು ಬ್ರೇಕ್ ಕಾದು ಮಂದವಾಗುತ್ತದಲ್ಲ, ಅದಕ್ಕೆ ಅವರು ‘ಹಿಡಿತ ಬಿಡುತ್ತದೆ’ ಎನ್ನುತ್ತಾರೆ. ಡ್ರಮ್ಮಿನಲ್ಲಿ ಕಾವು ಒಳಗೇ ಉಳಿಯುತ್ತದೆ, ಡಿಸ್ಕ್ ಗಾಳಿಗೆ ಬಿಚ್ಚಿಕೊಂಡಿರುವುದರಿಂದ ಬೇಗ ಆರುತ್ತದೆ. ಡಿಸ್ಕ್ ಹಾಕಿಸಲು ಇದೂ ಒಂದು ಕಾರಣ. ಹಾಗೆಯೇ ಡಿಸ್ಕ್ ಬ್ರೇಕಿನ ದ್ರವವಿರುವ ಪೈಪಿನೊಳಗೆ ಗಾಳಿಗುಳ್ಳೆ ಸೇರಿ ಪೆಡಲ್ ಮೆತ್ತಗಾದರೆ ‘ಗಾಳಿ ಸೇರಿದೆ, ಬಿಡಿಸಬೇಕು’ ಎಂದು ಅಲ್ಲಿನ ಹುಡುಗನೊಬ್ಬ ಹೇಳಿದಾಗ ನಾನು ಬೆಚ್ಚಿದೆ. ನಮ್ಮೂರಲ್ಲಿ ಗಾಳಿ ಬಿಡಿಸಲು ಬೇವಿನ ಸೊಪ್ಪು ಬೇಕು, ಇಲ್ಲಿ ಎಂಟರ ಸ್ಪ್ಯಾನರ್ ಸಾಕಾಯಿತು. ಅಚ್ಚಿನಲ್ಲಿ ‘ಗಾಳಿ ತೆಗೆಯುವುದು’ ಎನ್ನೋಣವೆಂದರೆ ಟೈರಿನ ಗಾಳಿ ತೆಗೆದುಬಿಟ್ಟಾರು. ‘ಬ್ರೇಕ್ ಪೈಪಿನ ಗಾಳಿ ಬಿಡಿಸುವುದು’ ಎಂದು ಬರೆಸಿದ್ದೇನೆ.

ಒಂದು ಕಡೆ ಮಾತ್ರ ಕನ್ನಡ ಬೇಡವೆಂದೆ. ಅವರು ‘ಬ್ರೇಕ್ ಆಯಿಲ್’ ಎನ್ನುತ್ತಾರೆ; ಹಾಳೆಯಲ್ಲಿ ಅದನ್ನು ‘ಬ್ರೇಕ್ ಎಣ್ಣೆ’ ಮಾಡಿದ್ದ. ಅದರಲ್ಲಿ ತುಂಬುವ ‘ಡಾಟ್ 4’ ದರ್ಜೆಯದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಬಗೆಯ ದ್ರವ. ಎಣ್ಣೆ ಎಂಬುದನ್ನು ನಂಬಿ ಯಾರಾದರೂ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಬ್ರೇಕೇ ಕೆಡುತ್ತದೆ. ‘ಬ್ರೇಕ್ ಫ್ಲೂಯಿಡ್’ ಇರಲಿ. ಅದು ತೇವ ಹೀರುವ ದ್ರವ: ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು ಎಂಬುದು ಡಾಟ್ 4ರ ಅಳತೆ, ತೇವ ಹೀರಿದ ಮೇಲೆ 155. ‘ನೀರು ಕುಡಿದ ಆಯಿಲ್’ ಎಂದ ಶಿಷ್ಯ. ‘ಆರ್ದ್ರತಾಗ್ರಾಹಿ’ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಬ್ರೇಕಿಗೆ ‘ಬಿರಿ’ ಎಂದೇಕೆ ಬರೆಯಬಾರದು ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ನನಗೂ ಆಸೆ ಇದೆ. ತಾತನ ಎತ್ತಿನಗಾಡಿ ಇಳಿಜಾರಿಗೆ ಬಂದಾಗ ಚಕ್ರದ ಕಬ್ಬಿಣದ ಪಟ್ಟಿಗೆ ಮರದ ತುಂಡು ಒತ್ತಿಕೊಳ್ಳುವಂತೆ ಹಗ್ಗ ಎಳೆಯುವುದು ನನ್ನ ಪಾಲಿನ ಕೆಲಸ. ‘ಬಿರಿ ಹಾಕು’ ಎಂದು ತಾತ ಕೂಗಿದರೆ ಎತ್ತುಗಳ ನಡಿಗೆಯೇ ಬದಲಾಗುತ್ತಿತ್ತು. ಗ್ಯಾರೇಜಿನಲ್ಲಿ ಶಿಷ್ಯ ಗೋಣಿಚೀಲದ ಮೇಲೆ ಹಳೆಯ ಡ್ರಮ್ಮಿನ ಪ್ಲೇಟ್ ಇಟ್ಟು, ಲಿವರ್ ಒತ್ತಿ ತೋರಿಸಿದ. ಕಪ್ಪು ಧೂಳು ಮೆತ್ತಿದ ಎರಡು ಅರ್ಧಚಂದ್ರದ ಶೂಗಳು ಮೊಗ್ಗಿನಂತೆ ಹೊರಕ್ಕೆ ಬಿರಿದವು. ಹೂವು ಬಿರಿಯುವ ಬಿರಿಗೂ ಗಾಡಿಯ ಬಿರಿಗೂ ನೆಂಟಸ್ತಿಕೆ ಹಚ್ಚಲು ನಾನು ಹೊರಟಿಲ್ಲ, ಕಂಡದ್ದನ್ನು ಹೇಳಿದೆ. ಆದರೆ ಡಿಸ್ಕ್ ಬ್ರೇಕ್ ಬಿರಿಯುವುದಿಲ್ಲ, ಅದರ ಪ್ಯಾಡುಗಳು ಡಿಸ್ಕನ್ನು ಎರಡು ಕಡೆಯಿಂದ ಅದುಮುತ್ತವೆ. ಹಾಳೆ ಓದುವ ಇಪ್ಪತ್ತೈದರ ಹುಡುಗನಿಗೆ ಬಿರಿ ಎಂದರೆ ಏನೆಂದು ತಿಳಿಸಲು ಮತ್ತೊಂದು ಹಾಳೆ ಬೇಕಾಗುತ್ತದೆ.

ತಿದ್ದಿದ ಸಾಲು ಸದ್ಯಕ್ಕೆ ಹೀಗಿದೆ: ‘ಹಿಂಚಕ್ರಕ್ಕೆ ಈಗ ಹಾಕಿರುವ ಡಿಸ್ಕ್ ಬ್ರೇಕನ್ನು, ತೆಗೆದ ಡ್ರಮ್ ಬ್ರೇಕಿನಷ್ಟು ಜೋರಾಗಿ ತುಳಿಯಬೇಡಿ, ಚಕ್ರ ಹಿಡಿದುಬಿಡುತ್ತದೆ.’ ಇದಕ್ಕಿಂತ ಗಿಡ್ಡದಾಗಿ, ಇಷ್ಟೇ ಸ್ಪಷ್ಟವಾಗಿ ಹೇಳುವ ದಾರಿ ಇದೆಯೇ? ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ, ಅದರಲ್ಲೂ ಹುಬ್ಬಳ್ಳಿ, ಮಂಗಳೂರು, ಬಳ್ಳಾರಿಯ ಕಡೆ, ಈ ಬ್ರೇಕಿಗೆ ಏನೆನ್ನುತ್ತಾರೆ? ಸೋಮವಾರ ಹಾಳೆ ಮತ್ತೆ ಅಚ್ಚಿಗೆ ಹೋಗುತ್ತದೆ, ಅದರೊಳಗೆ ತಿಳಿಸಿದರೆ ಉಪಕಾರ. ಡಿಟಿಪಿ ಮಾಡುವವರಿಗೆ ‘ಹಿಡಿದುಬಿಡುತ್ತದೆ’ಯ ನಡುವೆ ಜಾಗ ಬಿಡಬೇಡಿ ಎಂದು ಎರಡು ಸಲ ಹೇಳಿ ಬಂದಿದ್ದೇನೆ.