16 ಜಿಬಿ ರ‍್ಯಾಮ್ ಇದ್ದರೂ ಪವರ್‌ಪಾಯಿಂಟ್ ‘ಮೆಮೊರಿ ಸಾಲದು’ ಅನ್ನುತ್ತಿದೆ! ಭಾನುವಾರದೊಳಗೆ ಸರಿಯಾಗಬೇಕು

ಪಟ್ಟೆತಲೆ | ಗುರುವಾರ ರಾತ್ರಿ 9:40
ತಲೆ ಕೆಟ್ಟುಹೋಗಿದೆ. ಭಾನುವಾರ ಬೆಳಿಗ್ಗೆ ನಮ್ಮೂರ ಶಾಲೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳ ಬಗ್ಗೆ ಸ್ಲೈಡ್ ಶೋ ಒಪ್ಪಿಕೊಂಡಿದ್ದೇನೆ. ಒಟ್ಟು 42 ಸ್ಲೈಡ್. 18ರವರೆಗೆ ಸಲೀಸಾಗಿ ಹೋಗುತ್ತದೆ. 19ಕ್ಕೆ ಬಂದರೆ ಫೋಟೊ ಜಾಗದಲ್ಲಿ ಬಿಳಿ ಚೌಕ, ಅದರೊಳಗೆ ಕೆಂಪು ಇಂಟು ಮಾರ್ಕ್. ಮೆಮೊರಿ ಸಾಲದಿರಬಹುದು, ಇಲ್ಲವೇ ಚಿತ್ರ ಕೆಟ್ಟಿರಬಹುದು, ರೀಸ್ಟಾರ್ಟ್ ಮಾಡಿ ನೋಡಿ ಅಂತ ಹೇಳುತ್ತದೆ. ಏಳು ಸಲ ರೀಸ್ಟಾರ್ಟ್ ಮಾಡಿದೆ. ಇದಕ್ಕಾಗಿಯೇ ಹೋದ ವಾರ 8 ಜಿಬಿ ಇದ್ದ ರ‍್ಯಾಮನ್ನು 16 ಮಾಡಿಸಿದೆ. ಒಂದು ಚೂರೂ ಬದಲಾಗಿಲ್ಲ. ಫೋಟೊ ಕೆಟ್ಟಿಲ್ಲ, ಬೇರೆ ಕಡೆ ತೆರೆಯುತ್ತದೆ. ಯಾರಾದರೂ ಪುಣ್ಯ ಕಟ್ಟಿಕೊಳ್ಳಿ.

ಡ್ರೈವರ್_ದೊರೆ | 9:52
ಗ್ರಾಫಿಕ್ಸ್ ಡ್ರೈವರ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಅಪ್‌ಡೇಟ್ ಮಾಡಿ, ಮುಗೀತು.

ಹಳೇಮೌಸ್ | 10:05
ಯಾವ ವರ್ಷದ ಆಫೀಸ್? 32 ಬಿಟ್ಟೋ 64 ಬಿಟ್ಟೋ? ಫೈಲ್ ಎಷ್ಟು ದೊಡ್ಡದು? 19ನೇ ಸ್ಲೈಡಿನಲ್ಲಿ ಏನಿದೆ? ಈ ನಾಲ್ಕು ಹೇಳಿದರೆ ಮುಂದೆ ನೋಡಬಹುದು.

ಪಟ್ಟೆತಲೆ | 10:20
ಎಲ್ಲರ ಹತ್ತಿರ ಇರುವ ಮಾಮೂಲಿ ಆಫೀಸೇ. ಫೈಲ್ ಕೂಡ ಮಾಮೂಲಿ ಸೈಜು. 19ರಲ್ಲಿ ಒಂದೇ ಒಂದು ಫೋಟೊ ಇದೆ. ಡ್ರೈವರ್ ಅಪ್‌ಡೇಟ್ ಹಾಕಿದ್ದೇನೆ, ಇಳಿಯುತ್ತಿದೆ. ನಮ್ಮ ಕಡೆ ನೆಟ್ ನಿಧಾನ.

ಕರಾವಳಿ_ಕ್ಲಿಕ್ | 10:31
ಡೀಫಾಲ್ಟ್ ಪ್ರಿಂಟರ್ ಬದಲಾಯಿಸಿ ನೋಡಿ ಮಾರಾಯ್ರೆ. ಆಫೀಸಿನ ನೆಟ್‌ವರ್ಕ್ ಪ್ರಿಂಟರ್ ಮನೆಯಲ್ಲೂ ಡೀಫಾಲ್ಟ್ ಆಗಿ ಕೂತಿದ್ದರೆ ಪವರ್‌ಪಾಯಿಂಟ್ ಅದನ್ನು ಹುಡುಕುತ್ತಾ ತಡಬಡಾಯಿಸುತ್ತದೆ. ‘ಪ್ರಿಂಟ್ ಟು ಪಿಡಿಎಫ್’ ಅನ್ನು ಡೀಫಾಲ್ಟ್ ಮಾಡಿ. ನನಗೆ ಒಮ್ಮೆ ಅದರಿಂದ ಸರಿಯಾಗಿದೆ.

ಡ್ರೈವರ್_ದೊರೆ | 10:34
ಫೋಟೊ ಕಾಣದಿದ್ದರೆ ಪ್ರಿಂಟರ್ ಏನು ಮಾಡುತ್ತದೆ ಗುರೂ? ಇದು ಪಕ್ಕಾ ಡ್ರೈವರ್. ಅಣ್ಣ, ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್‌ಗೆ ಹೋಗಿ, ಡಿಸ್‌ಪ್ಲೇ ಭಾಗದಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಲರೇಶನ್ (ಚಿತ್ರದ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವುದು) ಆಫ್ ಮಾಡುವ ಟಿಕ್ ಹಾಕಿ. ಸ್ಲೈಡ್ ಶೋದ್ದು ಬೇರೆಯೇ ಟಿಕ್ ಇರುತ್ತದೆ, ಅದನ್ನೂ ಹಾಕಿ.

ಲಿಪಿಗಾರ | 10:50
ಕನ್ನಡ ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ? ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು) ಆಗಿದ್ದರೆ ಮೊದಲು ಅದನ್ನು ಬಿಡಿ. ಕನ್ನಡ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಸೇರಿದ್ದು 1991ರಲ್ಲಿ. ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಬಂತು, 8ರಲ್ಲಿ ನಿರ್ಮಲಾ. ಇನ್ನೂ ಆಸ್ಕಿ ಹಿಡಿದುಕೊಂಡು ಕೂತರೆ ಹೇಗೆ?

ಕರಾವಳಿ_ಕ್ಲಿಕ್ | 10:58
ಶುರುವಾಯಿತು. ನಮ್ಮ ಪ್ರೆಸ್ಸಿನಲ್ಲಿ ಇವತ್ತಿಗೂ ಪೇಜ್‌ಮೇಕರ್ ಓಡುತ್ತದೆ. ಅದಕ್ಕೆ ಯೂನಿಕೋಡ್ ಕನ್ನಡ ತಲೆಗೆ ಹೋಗುವುದಿಲ್ಲ. ಆಸ್ಕಿ ಬಿಟ್ಟರೆ ಮದುವೆ ಕಾರ್ಡು ನೀವು ಬಂದು ಕೈಯಲ್ಲಿ ಬರೀತೀರಾ?

ಲಿಪಿಗಾರ | 11:02
ಮದುವೆ ಕಾರ್ಡಿಗೂ ಸ್ಲೈಡಿಗೂ ಏನು ಸಂಬಂಧ? ಆ ಫಾಂಟ್ ಇಲ್ಲದ ಮೆಷೀನಿನಲ್ಲಿ ತೆರೆದು ನೋಡಿ, ಆಮೇಲೆ ಮಾತಾಡೋಣ.

ಮೂರುಮಾನಿಟರ್ | 11:15
ನನ್ನ ಹತ್ತಿರ 64 ಜಿಬಿ ಇದೆ, ಮೂರು ಮಾನಿಟರ್, 12 ಜಿಬಿಯ ಗ್ರಾಫಿಕ್ಸ್ ಕಾರ್ಡ್. 200 ಸ್ಲೈಡ್ ಓಡಿಸಿದ್ದೇನೆ, ಒಂದು ದಿನ ತೊಂದರೆ ಆಗಿಲ್ಲ. ಸುಮ್ನೆ ಹೇಳಿದೆ.

ಹಳೇಮೌಸ್ | 11:17
ಬಹಳ ಸಂತೋಷ. ನನ್ನ ನಾಲ್ಕು ಪ್ರಶ್ನೆ ಇನ್ನೂ ಹಾಗೇ ನಿಂತಿವೆ.

ಪಟ್ಟೆತಲೆ | ಶುಕ್ರವಾರ ಬೆಳಿಗ್ಗೆ 6:30
ಡ್ರೈವರ್ ಹೊಸದಾಯಿತು. ಆಕ್ಸಲರೇಶನ್ ಆಫ್ ಮಾಡಿದೆ. ಪ್ರಿಂಟರ್ ಬದಲಾಯಿತು. ಕೆಂಪು ಇಂಟು ಹಾಗೇ ಇದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ, ಇನ್ನೂ 9 ಜಿಬಿ ಖಾಲಿ ತೋರಿಸುತ್ತದೆ. ಖಾಲಿ ಇಟ್ಟುಕೊಂಡು ಸಾಲದು ಅನ್ನುವುದು ಯಾವ ನ್ಯಾಯ? ಮತ್ತೆ, ನಾನು ಅಣ್ಣ ಅಲ್ಲ, ಅಕ್ಕ.

ಡ್ರೈವರ್_ದೊರೆ | 7:10
ಕ್ಷಮಿಸಿ ಅಕ್ಕಾ. ಡ್ರೈವರ್ ಪೂರ್ತಿ ತೆಗೆದು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದ್ರಾ? ಮೇಲಿಂದ ಮೇಲೆ ಅಪ್‌ಡೇಟ್ ಮಾಡಿದರೆ ಹಳೇ ಕಸ ಉಳಿಯುತ್ತದೆ.

ಹಳೇಮೌಸ್ | 7:25
ಅಕ್ಕಾ, ಟಾಸ್ಕ್ ಮ್ಯಾನೇಜರ್ ತೆರೆದಿದ್ದೀರಲ್ಲ, ಅಲ್ಲೇ ನೋಡಿ. ಪವರ್‌ಪಾಯಿಂಟ್ ಹೆಸರಿನ ಮುಂದೆ ಕಂಸದಲ್ಲಿ ‘32 ಬಿಟ್’ ಅಂತ ಇದೆಯಾ?

ಪಟ್ಟೆತಲೆ | 7:31
ಇದೆ. ಅದೇನು ತಪ್ಪಾ? ಅಂಗಡಿಯವರು ಹಾಕಿಕೊಟ್ಟಿದ್ದು.

ಹಳೇಮೌಸ್ | 7:50
ತಪ್ಪಲ್ಲ, ಆದರೆ ಗುಟ್ಟು ಅಲ್ಲಿಂದ ಶುರು. 32 ಬಿಟ್ ಪ್ರೋಗ್ರಾಮಿಗೆ ವಿಂಡೋಸ್ ಮಾಮೂಲಿಯಾಗಿ 2 ಜಿಬಿ ಜಾಗ ಕೊಡುತ್ತದೆ. ಅದಕ್ಕೆಂದೇ ತಯಾರಾದ ಪ್ರೋಗ್ರಾಮ್ ಆದರೆ 4. ಅದರಾಚೆ ನೀವು 16 ಹಾಕಿ, 160 ಹಾಕಿ, ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ಕಡೆಯ ಮಾತಲ್ಲೇ ಹೇಳುತ್ತೇನೆ: ಹಗೇವಿನ ತುಂಬ ಜೋಳ ಇದೆ, ತುಂಬಿಕೊಳ್ಳಲು ಇರುವ ಚೀಲ ಒಂದೇ. ಅದರಲ್ಲೇ ಪ್ರೋಗ್ರಾಮ್, ಫಾಂಟ್, ಫೋಟೊ ಎಲ್ಲ ಹಿಡಿಯಬೇಕು. ಅದೂ ಒಂದು ದೊಡ್ಡ ಫೋಟೊಗೆ ಚೀಲದಲ್ಲಿ ಒಂದೇ ಕಡೆ ಅಷ್ಟು ಜಾಗ ಬೇಕು. ಅಲ್ಲಿಷ್ಟು ಇಲ್ಲಿಷ್ಟು ಖಾಲಿ ಇದ್ದರೆ ಸಾಲದು.

ಈಗ ಫೋಟೊ. ಡಿಸ್ಕಿನಲ್ಲಿ 8 ಎಂಬಿ ಇರುವ ಜೆಪೆಗ್ ಮಡಚಿಟ್ಟ ಸೀರೆ ಇದ್ದ ಹಾಗೆ. ತೋರಿಸಬೇಕಾದರೆ ಬಿಚ್ಚಬೇಕು. 6000 ಗುಣಿಸು 4000 ಅಂದರೆ 2.4 ಕೋಟಿ ಪಿಕ್ಸೆಲ್. ಒಂದಕ್ಕೆ 4 ಬೈಟ್. ಒಟ್ಟು ಸುಮಾರು 92 ಎಂಬಿ. ಪ್ರಾಜೆಕ್ಟರಿಗೆ ಬೇಕಾಗಿರುವುದು 1920 ಗುಣಿಸು 1080, ಅಂದರೆ 8 ಎಂಬಿ. ಫೋಟೊಗಳನ್ನು ಕ್ಯಾಮೆರಾದಿಂದ ನೇರ ಹಾಕಿದ್ದೀರಾ?

ಪಟ್ಟೆತಲೆ | 8:15
ಇಲ್ಲಪ್ಪ, ಎಲ್ಲ ಚಿಕ್ಕದು ಮಾಡಿದ್ದೇನೆ. ಮೂಲೆ ಹಿಡಿದು ಎಳೆದು ಸಣ್ಣ ಮಾಡಿದೆ. ಕೆಲವನ್ನು ಕ್ರಾಪ್ ಕೂಡ ಮಾಡಿದ್ದೇನೆ.

ಹಳೇಮೌಸ್ | 8:18
ಮೂಲೆ ಎಳೆದರೆ ಕಣ್ಣಿಗೆ ಮಾತ್ರ ಚಿಕ್ಕದಾಗುತ್ತದೆ. ಒಳಗೆ ಪೂರ್ತಿ ಫೋಟೊ ಕೂತಿರುತ್ತದೆ. ಕ್ರಾಪ್ ಮಾಡಿದ ತುಂಡೂ ಅಲ್ಲೇ ಇರುತ್ತದೆ.

ಫೈಲಿನ ಒಂದು ಕಾಪಿ ಮಾಡಿ. ಹೆಸರಿನ ಕೊನೆಯ ಪಿಪಿಟಿಎಕ್ಸ್ ಅಳಿಸಿ ಜಿಪ್ ಅಂತ ಹಾಕಿ. ಹೌದು, ಅದು ಒಳಗಿನಿಂದ ಬರೀ ಜಿಪ್ ಫೈಲೇ. ತೆರೆದು, ಪಿಪಿಟಿ ಫೋಲ್ಡರ್, ಅದರೊಳಗೆ ಮೀಡಿಯಾ. ಸೈಜಿನ ಪ್ರಕಾರ ಜೋಡಿಸಿ ಮೊದಲನೆಯದು ಏನು ನೋಡಿ.

ಮೂರುಮಾನಿಟರ್ | 8:40
64 ಬಿಟ್ ಆಫೀಸ್ ಹಾಕಿಕೊಂಡರೆ ಆಯಿತಲ್ಲ? ಇಷ್ಟೆಲ್ಲ ಯಾಕೆ? 2019ರಿಂದ ಈಚೆಗೆ ತಾನಾಗಿಯೇ 64 ಬಿಟ್ಟೇ ಬರುತ್ತದೆ.

ಹಳೇಮೌಸ್ | 8:44
ಹಳೆಯದನ್ನು ಪೂರ್ತಿ ತೆಗೆದೇ ಅದನ್ನು ಹಾಕಬೇಕು. ನೆಟ್ ನಿಧಾನ ಅಂತ ಅವರೇ ಹೇಳಿದ್ದಾರೆ. ಭಾನುವಾರ ಶೋ ಇಟ್ಟುಕೊಂಡು ಶುಕ್ರವಾರ ಆಫೀಸ್ ಕಿತ್ತು ಹಾಕುವುದಾ? ಸೋಮವಾರ ಮಾಡಲಿ.

ಪಟ್ಟೆತಲೆ | ಮಧ್ಯಾಹ್ನ 1:20
ಅಯ್ಯೋ ದೇವರೆ. ಫೈಲ್ 412 ಎಂಬಿ ಇದೆ. ಮೊದಲನೇ ಚಿತ್ರವೇ 19ನೇ ಸ್ಲೈಡಿನ ಪನೋರಮಾ, ಪಿಎನ್‌ಜಿ. 24000 ಗುಣಿಸು 6000 ಅಂತ ತೋರಿಸುತ್ತದೆ. ಹೇಳಲು ಮರೆತಿದ್ದೆ, ಅದು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯುವ ಹಾಗೆ ಆ್ಯನಿಮೇಶನ್ ಹಾಕಿದ್ದೇನೆ. ಇಡೀ ಕೆರೆ ಕಣ್ಣ ಮುಂದೆ ಹೋದ ಹಾಗೆ ಆಗಲಿ ಅಂತ.

ಹಳೇಮೌಸ್ | 1:32
‘ಒಂದೇ ಒಂದು ಫೋಟೊ!’ ಅಕ್ಕಾ, 14.4 ಕೋಟಿ ಪಿಕ್ಸೆಲ್. ಬಿಚ್ಚಿದರೆ 550 ಎಂಬಿ ಹತ್ತಿರ. ನಿಮ್ಮ ಚೀಲದಲ್ಲಿ ಹಿಡಿಯಲಿಲ್ಲ, ಅಷ್ಟೇ.

ಕರಾವಳಿ_ಕ್ಲಿಕ್ | 1:36
ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ರಾಮ್ಸರ್ ಕೆರೆಗೆ ರ‍್ಯಾಮೇ ಸಾಲಲಿಲ್ಲ ನೋಡಿ.

ಡ್ರೈವರ್_ದೊರೆ | 1:50
ಒಂದು ನಿಮಿಷ. ಅಗಲ 24000 ಅಂದ್ರಾ? ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡಲು ವಿಂಡೋಸ್ ಬಳಸುವ ಡೈರೆಕ್ಟ್‌ಎಕ್ಸ್ 11ರಲ್ಲಿ ಒಂದು ಚಿತ್ರದ ಅಗಲ 16384 ಪಿಕ್ಸೆಲ್ ದಾಟುವ ಹಾಗಿಲ್ಲ. 10ರ ಕಾಲದ ಚಿಪ್ ಆದರೆ 8192. ಮೆಮೊರಿ ಎಷ್ಟೇ ಇರಲಿ, ಗ್ರಾಫಿಕ್ಸ್ ಚಿಪ್ ಅದನ್ನು ಇಡಿಯಾಗಿ ತೆಗೆದುಕೊಳ್ಳುವುದಿಲ್ಲ. ನಾನು ಗ್ರಾಫಿಕ್ಸ್ ಅಂತ ಮೊದಲಿಂದ ಹೇಳುತ್ತಿಲ್ಲವಾ?

ಹಳೇಮೌಸ್ | 1:55
ನೀವು ಹೇಳಿದ್ದು ಡ್ರೈವರ್. ಇದು ಮಿತಿ. ಡ್ರೈವರ್ ಹತ್ತು ಸಲ ಹೊಸದು ಮಾಡಿದರೂ ಮಿತಿ ಬದಲಾಗಲ್ಲ. ಆಕ್ಸಲರೇಶನ್ ಆಫ್ ಮಾಡಿದರೂ ಕೆಂಪು ಇಂಟು ಹೋಗಲಿಲ್ಲ ಅಂದಮೇಲೆ ಇಲ್ಲಿ ಮೊದಲು ಸೋತದ್ದು ಮೆಮೊರಿ. ಆದರೂ 16384ರ ಮಾತು ಒಳ್ಳೇದಾಯಿತು, ನನಗೆ ಹೊಳೆದಿರಲಿಲ್ಲ.

ಅಕ್ಕಾ, ಪನೋರಮಾವನ್ನು ಫೋಟೊ ಸಾಫ್ಟ್‌ವೇರಿನಲ್ಲಿ 7680 ಗುಣಿಸು 1920 ಮಾಡಿ, ಜೆಪೆಗ್ ಆಗಿ ಉಳಿಸಿ. ಬಿಚ್ಚಿದರೆ 56 ಎಂಬಿ. 8192ಕ್ಕಿಂತ ಕಮ್ಮಿ ಇರುವುದರಿಂದ ಶಾಲೆಯ ಹಳೇ ಕಂಪ್ಯೂಟರೂ ಗೊಣಗುವುದಿಲ್ಲ. ಹಳೇ ಚಿತ್ರ ಅಳಿಸಿ ಇದನ್ನು ಹೊಸದಾಗಿ ಸೇರಿಸಿ, ಆ್ಯನಿಮೇಶನ್ ಮತ್ತೆ ಹಾಕಿ. ಉಳಿದವಕ್ಕೆ ಕಂಪ್ರೆಸ್ ಪಿಕ್ಚರ್ಸ್ ಸಾಕು. ‘ಈ ಚಿತ್ರಕ್ಕೆ ಮಾತ್ರ’ ಅನ್ನುವ ಟಿಕ್ ತೆಗೆಯಿರಿ, ಕ್ರಾಪ್ ಮಾಡಿದ ಭಾಗ ಅಳಿಸುವ ಟಿಕ್ ಇರಲಿ, 150 ಪಿಪಿಐ (ಇಂಚಿಗೆ 150 ಪಿಕ್ಸೆಲ್) ಆರಿಸಿ. ಸ್ಲೈಡಿನ ಅಗಲ 13.33 ಇಂಚು, ಅಂದರೆ 2000 ಪಿಕ್ಸೆಲ್ ಸಿಗುತ್ತದೆ. ಇದನ್ನೆಲ್ಲ ಕಾಪಿಯ ಮೇಲೆ ಮಾಡಿ. ಒಮ್ಮೆ ಅಳಿಸಿದ ಪಿಕ್ಸೆಲ್ ವಾಪಸ್ ಬರಲ್ಲ.

ಪಟ್ಟೆತಲೆ | ರಾತ್ರಿ 8:05
ಓಡಿತು! ಫೈಲ್ 38 ಎಂಬಿಗೆ ಇಳಿಯಿತು. ಕೆರೆ ಇಡೀ ಸರಿದು ಹೋಯಿತು, ಒಂದು ಕಡೆಯೂ ತಡೆಯಲಿಲ್ಲ. ರ‍್ಯಾಮಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಮಾತ್ರ ಹೊಟ್ಟೆ ಉರಿಯುತ್ತದೆ.

ಲಿಪಿಗಾರ | 8:30
ಫಾಂಟ್?

ಪಟ್ಟೆತಲೆ | ಭಾನುವಾರ ಸಂಜೆ 4:15
ಶೋ ಚೆನ್ನಾಗಿ ಆಯಿತು. ಹಿಮಾಲಯ ದಾಟಿ ಬರುತ್ತವೆ ಅಂದಾಗ ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದರು. ಲಿಪಿಗಾರರೇ, ನೀವು ಹೇಳಿದ್ದೇ ಆಯಿತು. ಶಾಲೆಯ ಕಂಪ್ಯೂಟರಿನಲ್ಲಿ ನುಡಿ ಇರಲಿಲ್ಲ. ತಲೆಬರಹವೆಲ್ಲ ಗೀಟು, ಚುಕ್ಕೆ, ಇಂಗ್ಲಿಷ್ ಅಕ್ಷರಗಳ ಸಂತೆ. ಬಾಯಲ್ಲೇ ಹೇಳಿ ನಿಭಾಯಿಸಿದೆ.

ಲಿಪಿಗಾರ | 4:20
ನಾನೇನೂ ಹೇಳಲ್ಲ.

ಕರಾವಳಿ_ಕ್ಲಿಕ್ | 4:22
ಹೇಳದಿದ್ದರೆ ನಿಮಗೆ ನಿದ್ದೆ ಬರುತ್ತದಾ?

ಮೂರುಮಾನಿಟರ್ | 4:45
ಅಕ್ಕಾ, ಆ ಪನೋರಮಾ ಹೇಗೆ ತೆಗೆದಿರಿ? 24000 ಅಗಲ ಅಂದರೆ ಎಷ್ಟು ಫ್ರೇಮ್?

ಪಟ್ಟೆತಲೆ | 5:10
ಕೇಳಿದ್ದು ಒಳ್ಳೇದಾಯಿತು. 24 ಮೆಗಾಪಿಕ್ಸೆಲ್ ಬಾಡಿ, 70-200 ಲೆನ್ಸ್, 70ರಲ್ಲಿ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಟ್ರೈಪಾಡ್ ಮೇಲೆ 11 ಫ್ರೇಮ್, ಪ್ರತಿಯೊಂದೂ ಹಿಂದಿನದರ ಅರ್ಧದ ಮೇಲೆ ಬರುವ ಹಾಗೆ. ಎಫ್ 8, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಐಎಸ್‌ಒ 400. ಮ್ಯಾನುಯಲ್ ಫೋಕಸ್. ವೈಟ್ ಬ್ಯಾಲೆನ್ಸ್ ಕೂಡ ಲಾಕ್, ಇಲ್ಲದಿದ್ದರೆ ಜೋಡಿಸಿದಾಗ ಆಕಾಶದಲ್ಲಿ ಪಟ್ಟೆ ಬರುತ್ತದೆ. ಬಾತುಗಳು ಹೊಲದಲ್ಲಿ ಮೇದು ಬಂದು ನೀರಲ್ಲಿ ಕೂತ ಹೊತ್ತು ಅದು. ಆದರೂ ಎರಡು ಬಾತು ನಾನು ಕ್ಯಾಮೆರಾ ತಿರುಗಿಸಿದ ದಿಕ್ಕಿಗೇ ಈಜಿ ಇನ್ನೊಂದು ಫ್ರೇಮಿನಲ್ಲೂ ಬಂದುಬಿಟ್ಟಿವೆ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ. ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದಳು, ‘ಟೀಚರ್, ಇದೇ ಬಾತು ಆಗಲೇ ಹೋಯ್ತಲ್ಲ?’