ವಿಶ್ವದಲ್ಲಿ ಮನುಷ್ಯನೇ ಅತ್ಯಂತ ಬುದ್ಧಿವಂತ ಎನ್ನಲು ನಮ್ಮಲ್ಲಿ ಆಧಾರವಿದೆಯೇ?

ಪ್ರಶ್ನೆ: ಕುತೂಹಲಿ

ಕೆಲವು ದಿನಗಳಿಂದ ಈ ಪ್ರಶ್ನೆ ನನ್ನ ತಲೆಯನ್ನು ಕೊರೆಯುತ್ತಿದೆ. ಮನುಷ್ಯನೇ ಅತ್ಯಂತ ಬುದ್ಧಿವಂತ ಜೀವಿ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಭೂಮಿಯ ಮಟ್ಟಿಗೆ ಅದನ್ನು ಒಪ್ಪಿಕೊಂಡರೂ, ಇಡೀ ವಿಶ್ವಕ್ಕೆ ಅನ್ವಯಿಸಲು ಹೊರಟಾಗ ಮನಸ್ಸು ಹಿಂಜರಿಯುತ್ತದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ, ಭೂಮಿಯದು ಸುಮಾರು 450 ಕೋಟಿ ವರ್ಷ, ನಮ್ಮ ಜಾತಿಯದು ಸುಮಾರು 3 ಲಕ್ಷ ವರ್ಷ. ಪಂಕ್ತಿಯ ಕೊನೆಗೆ ಬಂದು ಕುಳಿತವರು ತಾವೇ ಮೊದಲಿಗರೆಂದು ಹೇಳಿಕೊಂಡಂತೆ ಇದು ಕಾಣುತ್ತದೆ. ಆದರೆ ಇದುವರೆಗೆ ಹೊರಗಿನಿಂದ ಯಾರೂ ನಮ್ಮನ್ನು ಮಾತನಾಡಿಸಿಲ್ಲ ಎಂಬುದೂ ನಿಜವೇ. ಈ ಮೌನಕ್ಕೆ ಎಷ್ಟು ಬೆಲೆ ಕೊಡಬೇಕು? ಹಾರುವ ತಟ್ಟೆಗಳ ಕಥೆಗಳನ್ನು ಬದಿಗಿಟ್ಟು, ತಿಳಿದಿರುವ ಸಂಗತಿಗಳ ಆಧಾರದ ಮೇಲೆ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ತಾರಾಗಣಿತ

ಸಂಖ್ಯೆಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಚರ್ಚೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಅವು ಮಾತ್ರ. ನಮ್ಮ ಕ್ಷೀರಪಥವೊಂದರಲ್ಲೇ 10,000 ಕೋಟಿಯಿಂದ 40,000 ಕೋಟಿ ನಕ್ಷತ್ರಗಳಿವೆ ಎಂದು ಅಂದಾಜು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರು 51 ಪೆಗಸಿ ಎಂಬ ಸೂರ್ಯಸದೃಶ ನಕ್ಷತ್ರವನ್ನು ನಾಲ್ಕೇ ದಿನಗಳಲ್ಲಿ ಸುತ್ತಿ ಬರುವ ಗ್ರಹವೊಂದನ್ನು ಪತ್ತೆಹಚ್ಚುವವರೆಗೆ, ಸೂರ್ಯನಂಥ ಇತರ ನಕ್ಷತ್ರಗಳಿಗೂ ಗ್ರಹಗಳಿವೆ ಎಂಬುದು ಊಹೆಯಷ್ಟೇ ಆಗಿತ್ತು. ಇಂದು ಖಚಿತಗೊಂಡ ಅನ್ಯಗ್ರಹಗಳ ಸಂಖ್ಯೆ 5,000ವನ್ನು ದಾಟಿದೆ. ಗ್ರಹಗಳಿಗೆ ಬರವಿಲ್ಲ ಎಂಬುದಂತೂ ಇತ್ಯರ್ಥವಾಯಿತು.

ಆದರೆ ಇದೇ ಲೆಕ್ಕ ತಿರುಗುಬಾಣವೂ ಆಗುತ್ತದೆ. 1950ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಮಧ್ಯಾಹ್ನದ ಊಟದ ವೇಳೆ ಸಹೋದ್ಯೋಗಿಗಳನ್ನು ‘ಹಾಗಾದರೆ ಅವರೆಲ್ಲ ಎಲ್ಲಿ?’ ಎಂಬರ್ಥದಲ್ಲಿ ಕೇಳಿದ ಪ್ರಶ್ನೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕ್ಷೀರಪಥದ ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಬೆಳಕಿನ ವೇಗದ ನೂರರಲ್ಲೊಂದು ಪಾಲು ವೇಗದ ನೌಕೆ ಅದನ್ನು 1 ಕೋಟಿ ವರ್ಷಗಳಲ್ಲಿ ದಾಟಬಲ್ಲದು. ನಮಗೆ ದೀರ್ಘವೆನಿಸುವ ಈ ಅವಧಿ, ಸೂರ್ಯನಿಗಿಂತ ನೂರಾರು ಕೋಟಿ ವರ್ಷ ಹಿರಿಯವಾದ ನಕ್ಷತ್ರಗಳ ಲೆಕ್ಕದಲ್ಲಿ ಏನೇನೂ ಅಲ್ಲ. ಅಂದಮೇಲೆ ನಮಗಿಂತ ಮುಂದುವರಿದವರು ಹೇರಳವಾಗಿದ್ದರೆ ಅವರ ಗುರುತು ಎಲ್ಲಾದರೂ ಕಾಣಬೇಕಿತ್ತು. ಎಲ್ಲೋ ಯಾರೋ ಇದ್ದಾರೆ, ಆದರೆ ಬಹಳ ವಿರಳವಾಗಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಅವರಲ್ಲಿ ನಾವೇ ಜಾಣರಾಗಿರುವ ಸಾಧ್ಯತೆ ಕಡಿಮೆ. ನಾವು ರೇಡಿಯೋ ಕಲಿತು ಇನ್ನೂ ನೂರಾ ಮೂವತ್ತು ವರ್ಷಗಳಷ್ಟೇ ಆಗಿವೆ.

ಉತ್ತರ 2: ಜೀವಕೋಶ

ತಾರಾಗಣಿತರ ಲೆಕ್ಕದಲ್ಲಿ ತಪ್ಪಿಲ್ಲ; ಆದರೆ ಅದು ಅರ್ಧ ಲೆಕ್ಕ. ನಕ್ಷತ್ರಗಳ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದನ್ನು ಬುದ್ಧಿ ಹುಟ್ಟುವ ಸಂಭವದಿಂದ ಗುಣಿಸಬೇಕು, ಆ ಸಂಭವವೇ ನಮಗೆ ಗೊತ್ತಿಲ್ಲ. ಕ್ಷೀರಪಥದಲ್ಲಿ ನಮ್ಮೊಡನೆ ಸಂಪರ್ಕ ಸಾಧಿಸಬಲ್ಲ ನಾಗರಿಕತೆಗಳು ಎಷ್ಟಿರಬಹುದೆಂದು ಅಂದಾಜಿಸಲು ಖಗೋಳಜ್ಞ ಫ್ರಾಂಕ್ ಡ್ರೇಕ್ 1961ರಲ್ಲಿ ಬರೆದ ಪ್ರಸಿದ್ಧ ಸಮೀಕರಣದಲ್ಲಿ ಏಳು ಅಂಶಗಳಿವೆ. ನಕ್ಷತ್ರ ಮತ್ತು ಗ್ರಹಗಳಿಗೆ ಸಂಬಂಧಿಸಿದವುಗಳಲ್ಲಿ ಖಗೋಳಜ್ಞರು ಸಾಕಷ್ಟು ಪ್ರಗತಿ ಸಾಧಿಸಿದ್ದಾರೆ. ಜೀವ, ಬುದ್ಧಿ ಮತ್ತು ನಾಗರಿಕತೆಯ ಆಯುಷ್ಯಕ್ಕೆ ಸಂಬಂಧಿಸಿದವು ಅಂದು ಇದ್ದಲ್ಲಿಯೇ ಇವೆ.

ಭೂಮಿಯ ಚರಿತ್ರೆಯನ್ನೇ ನೋಡಿ. ಭೂಮಿ ತಣ್ಣಗಾದ ಮೇಲೆ ಬಹಳ ಕಾಯದೆ, 350 ಕೋಟಿ ವರ್ಷಗಳ ಹಿಂದೆಯೇ ಇಲ್ಲಿ ಸೂಕ್ಷ್ಮಜೀವಿಗಳಿದ್ದವು. ಆಮೇಲೆ ನೂರು ಕೋಟಿಗೂ ಹೆಚ್ಚು ವರ್ಷಗಳ ಕಾಲ ಅವೇ ಇದ್ದವು. ಬಳಿಕ ಒಂದು ಜೀವಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯವೊಂದು ಜೀರ್ಣವಾಗದೆ, ಅಲ್ಲಿಯೇ ಬಿಡಾರ ಹೂಡಿ, ಆ ಮನೆಯ ಶಕ್ತಿಗಾರವಾಯಿತು. ಅದನ್ನೇ ಇಂದು ಮೈಟೋಕಾಂಡ್ರಿಯ ಎನ್ನುತ್ತೇವೆ. ಹುಲ್ಲು, ಅಣಬೆ, ಇರುವೆ, ಆನೆ, ಮನುಷ್ಯ ಎಲ್ಲವೂ ಆ ಒಂದೇ ಕೂಡಾವಳಿಯ ಸಂತತಿ. ಕಣ್ಣು ಜೀವವಿಕಾಸದಲ್ಲಿ ಹಲವು ಬಾರಿ ಪ್ರತ್ಯೇಕವಾಗಿ ಮೂಡಿದೆ, ರೆಕ್ಕೆಯೂ ಮೂಡಿದೆ. ಈ ಕೂಡಾವಳಿ ಮಾತ್ರ ನಮಗೆ ತಿಳಿದಂತೆ ಒಂದೇ ಬಾರಿ ಫಲಿಸಿತು.

ಬುದ್ಧಿ ವಿಕಾಸದ ಗುರಿಯೇನೂ ಅಲ್ಲ. ಡೈನೊಸಾರುಗಳು 16 ಕೋಟಿ ವರ್ಷ ಭೂಮಿಯನ್ನು ಆಳಿದರೂ ಅವುಗಳಿಗೆ ದೂರದರ್ಶಕದ ಅಗತ್ಯ ಬೀಳಲಿಲ್ಲ. 6.6 ಕೋಟಿ ವರ್ಷಗಳ ಹಿಂದೆ ಆ ಕ್ಷುದ್ರಗ್ರಹ ಗುರಿ ತಪ್ಪಿದ್ದರೆ ಈ ಪ್ರಶ್ನೆಯನ್ನು ಕೇಳಲು ಇಲ್ಲಿ ಯಾರೂ ಇರುತ್ತಿರಲಿಲ್ಲವೇನೋ. ಆದ್ದರಿಂದ ನಮ್ಮ ಕ್ಷೀರಪಥದ ಮಟ್ಟಿಗಾದರೂ ನಾವೇ ಅತ್ಯಂತ ಬುದ್ಧಿವಂತರಾಗಿರುವ ಸಾಧ್ಯತೆಯನ್ನು ಅಹಂಕಾರವೆಂದು ತಳ್ಳಿಹಾಕಲಾಗದು. ಸ್ಪರ್ಧಿಗಳೇ ಇಲ್ಲದ ಓಟದಲ್ಲಿ ಮೊದಲ ಸ್ಥಾನ ಬಂದಂತೆ ಅದು, ಹೆಮ್ಮೆಪಡುವಂಥದ್ದೇನೂ ಇಲ್ಲ.

ಉತ್ತರ 3: ಮಿತಭಾಷಿ

ಹೆಸರಿಗೆ ತಕ್ಕಂತೆ ಬರೆಯಲಾಗುತ್ತಿಲ್ಲ, ಕ್ಷಮಿಸಿ. ಇಬ್ಬರೂ ‘ಬುದ್ಧಿ’ ಎಂಬ ಪದವನ್ನು ಅಳತೆಗೋಲು ಇರುವ ವಸ್ತುವಿನಂತೆ ಬಳಸಿದ್ದೀರಿ. ಆ ಅಳತೆಗೋಲು ಎಲ್ಲಿದೆ? ಮಿದುಳಿನ ತೂಕವನ್ನು ಲೆಕ್ಕಕ್ಕೆ ಹಿಡಿದರೆ, 1.4 ಕಿಲೋ ಮಿದುಳಿನ ನಾವು 8 ಕಿಲೋ ಮಿದುಳಿನ ಸ್ಪರ್ಮ್ ತಿಮಿಂಗಿಲದ ಮುಂದೆ ನಿಲ್ಲಲಾರೆವು. ನರಕೋಶಗಳನ್ನು ಎಣಿಸಿದರೆ ನಮಗಿರುವುದು ಸುಮಾರು 8,600 ಕೋಟಿ, ಆಫ್ರಿಕಾದ ಆನೆಗೆ 25,700 ಕೋಟಿ. ಆಗ ನಾವು ‘ಆನೆಯ ನರಕೋಶಗಳಲ್ಲಿ ಬಹುಪಾಲು ಕಿರುಮಿದುಳಿನಲ್ಲಿವೆ, ಮಿದುಳಿನ ಹೊರಪದರದಲ್ಲಿ ಎಣಿಸಿದರೆ ನಾವೇ ಮುಂದು’ ಎನ್ನುತ್ತೇವೆ. ಅದು ನಿಜವೂ ಹೌದು. ಆದರೆ ನಾವು ಗೆಲ್ಲುವ ಅಳತೆ ಸಿಗುವವರೆಗೆ ಅಳತೆಗಳನ್ನು ಬದಲಿಸುತ್ತ ಹೋದೆವು ಎಂಬುದನ್ನು ಗಮನಿಸಿ.

ಕ್ಯೋಟೊ ವಿಶ್ವವಿದ್ಯಾಲಯದ ಆಯುಮು ಎಂಬ ಚಿಂಪಾಂಜಿಯ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಪರದೆಯ ಮೇಲೆ ಅಲ್ಲಲ್ಲಿ ಚದುರಿದ ಅಂಕಿಗಳು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಮಿಂಚಿ ಬಿಳಿ ಚೌಕಗಳಾಗಿ ಮರೆಯಾಗುತ್ತವೆ. ಆಯುಮು ಆ ಚೌಕಗಳನ್ನು ಏರಿಕೆಯ ಕ್ರಮದಲ್ಲಿ, ಮರುಯೋಚನೆಯೇ ಇಲ್ಲದವನಂತೆ ಒಂದೊಂದಾಗಿ ಒತ್ತುತ್ತದೆ. ಅದೇ ಪರೀಕ್ಷೆಗೆ ಕೂತ ಕಾಲೇಜು ವಿದ್ಯಾರ್ಥಿಗಳು ಹಿಂದೆ ಬಿದ್ದರು. ಸಾಕಷ್ಟು ಅಭ್ಯಾಸ ಮಾಡಿದ ಮನುಷ್ಯರು ಆ ಮಟ್ಟ ಮುಟ್ಟಬಲ್ಲರೆಂದು ನಂತರ ತಿಳಿಯಿತು, ನಿಜ. ಆದರೂ ಆಯುಮುವನ್ನು ಸರಿಗಟ್ಟಲು ನಾವು ತಾಲೀಮು ಮಾಡಬೇಕಾಯಿತು.

ನನಗೆ ಇದಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಆಕ್ಟೋಪಸ್. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಭಾಗ ತಲೆಯಲ್ಲಿಲ್ಲ, ತೋಳುಗಳಲ್ಲಿವೆ. ಪ್ರತಿ ತೋಳೂ ತಾನು ಮುಟ್ಟಿದ್ದರ ರುಚಿ ನೋಡುತ್ತದೆ, ಎಷ್ಟೋ ನಿರ್ಧಾರಗಳನ್ನು ತಲೆಯನ್ನು ಕೇಳದೆ ತೆಗೆದುಕೊಳ್ಳುತ್ತದೆ. ನಮಗೂ ಅದಕ್ಕೂ ಸಮಾನ ಪೂರ್ವಜವಾದ ಹುಳುವಿನಂಥ ಜೀವಿ ಬದುಕಿದ್ದು 50 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ. ಅಂದರೆ ಇದೇ ಭೂಮಿಯಲ್ಲಿ ಬುದ್ಧಿ ಎರಡು ಬೇರೆ ಬೇರೆ ದಾರಿಗಳಲ್ಲಿ ಬೆಳೆದಿದೆ, ಒಂದರ ಅನುಭವ ಹೇಗಿರಬಹುದೆಂದು ಇನ್ನೊಂದಕ್ಕೆ ಊಹಿಸಲೂ ಆಗುತ್ತಿಲ್ಲ.

ಈಗ ಶನಿಯ ಉಪಗ್ರಹ ಎನ್ಸೆಲಡಸ್ ಅಥವಾ ಗುರುವಿನ ಉಪಗ್ರಹ ಯುರೋಪಾದಂಥ ಒಂದು ಲೋಕವನ್ನು ಕಲ್ಪಿಸಿಕೊಳ್ಳಿ. ಮೇಲೆ ಕಿಲೋಮೀಟರುಗಟ್ಟಲೆ ದಪ್ಪ ಹಿಮ, ಕೆಳಗೆ ಸಮುದ್ರ. ಅಲ್ಲಿ ಜೀವ ಇದೆ ಎನ್ನುತ್ತಿಲ್ಲ. ಅಂಥ ಕಡಲಿನಲ್ಲಿ ಅಪಾರ ಬುದ್ಧಿಯ ಜೀವಿ ಹುಟ್ಟಿದರೂ ಅದು ಎಂದೂ ನಕ್ಷತ್ರವನ್ನು ನೋಡದು. ನೀರಿನೊಳಗೆ ಬೆಂಕಿ ಇಲ್ಲ, ಬೆಂಕಿ ಇಲ್ಲದೆ ಲೋಹ ಕರಗಿಸುವ ದಾರಿ ಸುಲಭವಿಲ್ಲ, ಲೋಹವಿಲ್ಲದೆ ರೇಡಿಯೋ ಇಲ್ಲ. ಅದು ಸಂಗೀತದಲ್ಲಿ, ಗಣಿತದಲ್ಲಿ ನಮ್ಮನ್ನು ಮೀರಿಸಿರಬಹುದು. ನಮ್ಮ ಪಟ್ಟಿಯಲ್ಲಿ ಅದರ ಹೆಸರು ಎಂದೂ ಬಾರದು.

ಮರುಪ್ರಶ್ನೆ: ಕುತೂಹಲಿ

ಮೂವರಿಗೂ ಕೃತಜ್ಞತೆಗಳು. ಮಿತಭಾಷಿಯವರ ಕೊನೆಯ ಮಾತಿನಿಂದ ಒಂದು ಸಂದೇಹ ಎದ್ದಿದೆ. ಹಾಗಾದರೆ ಇಷ್ಟು ವರ್ಷ ವಿಜ್ಞಾನಿಗಳು ಹುಡುಕಿದ್ದು ಬುದ್ಧಿಯನ್ನಲ್ಲ, ಕೇವಲ ರೇಡಿಯೋ ಕೇಂದ್ರಗಳನ್ನೇ? ಅದನ್ನಾದರೂ ಪೂರ್ತಿಯಾಗಿ ಹುಡುಕಿದ್ದಾರೆಯೇ?

ಉತ್ತರ 4: ಆಲಿಸುವವ

ಬಹುಮಟ್ಟಿಗೆ ಹೌದು, ಮತ್ತು ಪೂರ್ತಿಯಾಗಿ ಖಂಡಿತ ಇಲ್ಲ. 1960ರಲ್ಲಿ ಡ್ರೇಕ್ ಅವರು ಅಮೆರಿಕದ ಗ್ರೀನ್ ಬ್ಯಾಂಕ್‌ನ 26 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವನ್ನು ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳತ್ತ ತಿರುಗಿಸಿದಾಗ ಈ ಕೆಲಸ ಆರಂಭವಾಯಿತು. ಏನೂ ಕೇಳಿಸಲಿಲ್ಲ.

ಕೇಳಿಸಿದಂತೆ ಅನಿಸಿದ ಒಂದು ಪ್ರಸಂಗವನ್ನು ಹೇಳಲೇಬೇಕು. 1967ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್, ದಿನಕ್ಕೆ ಸುಮಾರು 30 ಮೀಟರ್‌ನಂತೆ ಯಂತ್ರದಿಂದ ಹೊರಬರುತ್ತಿದ್ದ ಕಾಗದದ ಸುರುಳಿಯನ್ನು ಕಣ್ಣಿನಿಂದಲೇ ಪರಿಶೀಲಿಸುತ್ತಿದ್ದರು. ಅದರಲ್ಲಿ ಒಂದು ಸೆಂಟಿಮೀಟರೂ ಇಲ್ಲದ ಅಸ್ಪಷ್ಟ ಗೀಚು ಆಕಾಶದ ಒಂದೇ ಭಾಗದಿಂದ ಮತ್ತೆ ಮತ್ತೆ ಬರುತ್ತಿರುವುದನ್ನು ಅವರು ಗುರುತಿಸಿದರು. ಕಾಗದವನ್ನು ವೇಗವಾಗಿ ಓಡಿಸಿ ಬಿಡಿಸಿ ನೋಡಿದಾಗ ಅದು 1.33 ಸೆಕೆಂಡಿಗೊಮ್ಮೆ, ಗಡಿಯಾರ ತಪ್ಪಿದರೂ ತಾನು ತಪ್ಪದಂತೆ ಮಿಡಿಯುತ್ತಿತ್ತು. ‘ಪುಟ್ಟ ಹಸಿರು ಮನುಷ್ಯರು’ ಎಂದು ಅರ್ಧ ತಮಾಷೆಗೆ ಅದಕ್ಕೆ ಹೆಸರಿಟ್ಟರು. ಆಕಾಶದ ಇನ್ನೊಂದು ದಿಕ್ಕಿನಿಂದಲೂ ಅಂಥದೇ ಮಿಡಿತ ಬೆಲ್ ಅವರಿಗೆ ಸಿಕ್ಕಾಗ ತಮಾಷೆ ಮುಗಿಯಿತು. ಎರಡು ದಿಕ್ಕುಗಳ ಹಸಿರು ಮನುಷ್ಯರು ಒಂದೇ ವೇಳೆಗೆ ಒಂದೇ ಬಗೆಯಲ್ಲಿ ನಮ್ಮನ್ನು ಕರೆಯುವುದುಂಟೇ? ಅವು ಪಲ್ಸಾರ್‌ಗಳು, ಅಂದರೆ ದೊಡ್ಡ ನಕ್ಷತ್ರಗಳು ಸಿಡಿದ ಮೇಲೆ ಉಳಿಯುವ, ಗಿರಗಿರನೆ ತಿರುಗುವ ಅತಿ ಸಾಂದ್ರ ನ್ಯೂಟ್ರಾನ್ ನಕ್ಷತ್ರಗಳು. 1977ರ ಆಗಸ್ಟ್ 15ರಂದು ಓಹಾಯೋದ ದೂರದರ್ಶಕಕ್ಕೆ 72 ಸೆಕೆಂಡುಗಳ ಕಾಲ ದೊರೆತ ಪ್ರಬಲ ಸಂಕೇತದ ಕಥೆ ಬೇರೆ. ಅದು ಮತ್ತೆ ಎಂದೂ ಕೇಳಿಸಲಿಲ್ಲ, ಮರುಕಳಿಸದ್ದನ್ನು ಪುರಾವೆಯೆಂದು ಒಪ್ಪುವಂತಿಲ್ಲ.

ಹುಡುಕಾಟದ ವ್ಯಾಪ್ತಿಯ ಬಗ್ಗೆ ಖಗೋಳಜ್ಞೆ ಜಿಲ್ ಟಾರ್ಟರ್ ಅವರು ಕೊಟ್ಟ ಹೋಲಿಕೆ ಚೆನ್ನಾಗಿದೆ. ದಿಕ್ಕು, ದೂರ, ಆವರ್ತನ, ಸಮಯ ಎಲ್ಲವನ್ನೂ ಸೇರಿಸಿ ನೋಡಿದರೆ, ಭೂಮಿಯ ಸಾಗರಗಳಲ್ಲಿ ಮೀನಿದೆಯೇ ಎಂದು ತಿಳಿಯಲು ನಾವು ಮೊಗೆದದ್ದು ಒಂದು ಲೋಟ ನೀರು. ಇತ್ತೀಚಿನ ಲೆಕ್ಕಗಳಲ್ಲಿ ಆ ಲೋಟ ಒಂದು ಸಣ್ಣ ಈಜುಕೊಳದಷ್ಟು ಹಿಗ್ಗಿದೆ. ಸಾಗರ ಹಾಗೆಯೇ ಇದೆ. ಆದ್ದರಿಂದ ತಾರಾಗಣಿತರು ಫರ್ಮಿಯ ಪ್ರಶ್ನೆಗೆ ಕೊಟ್ಟ ತೂಕ ಸ್ವಲ್ಪ ಹೆಚ್ಚಾಯಿತೆಂದು ನನ್ನ ಎಣಿಕೆ.

ಉತ್ತರ 5: ಜೀವಕೋಶ

ಲೋಟದ ಹೋಲಿಕೆಗೆ ಒಂದು ಸೇರ್ಪಡೆ. ಒಂದು ಲೋಟ ಸಮುದ್ರದ ನೀರಿನಲ್ಲಿ ಮೀನು ಸಿಗದಿರಬಹುದು, ಆದರೆ ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿರುತ್ತವೆ. ಸೂಕ್ಷ್ಮದರ್ಶಕ ಇಲ್ಲದವರು ಲೋಟವನ್ನು ಬೆಳಕಿಗೆ ಹಿಡಿದು ಖಾಲಿ ಎನ್ನುತ್ತಾರೆ. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಈಗ ಅನ್ಯಗ್ರಹಗಳ ವಾತಾವರಣದ ಅನಿಲಗಳನ್ನು ಪರಿಶೀಲಿಸುತ್ತಿದೆ. ಮೊದಲ ಸುಳಿವು ಆ ದಾರಿಯಲ್ಲೇ ಸಿಗಬಹುದೆಂದು ನನ್ನ ನಿರೀಕ್ಷೆ, ಆದರೆ ಅದು ಬುದ್ಧಿಯ ಸುಳಿವಾಗಿರದು.

ಇದನ್ನೇ ತಿರುಗಿಸಿ, ಹೊರಗಿನವರು ನಮ್ಮನ್ನು ಹುಡುಕುತ್ತಿದ್ದಾರೆ ಎಂದುಕೊಳ್ಳಿ. ಸಸ್ಯಗಳಂತೆ ಬಿಸಿಲಿನಿಂದ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಗಳು ಹೊರಬಿಡಲು ಆರಂಭಿಸಿದ ಆಮ್ಲಜನಕ ಭೂಮಿಯ ಗಾಳಿಯಲ್ಲಿ 200 ಕೋಟಿಗೂ ಹೆಚ್ಚು ವರ್ಷಗಳಿಂದ ಇದೆ. ಇನ್ನೂರು ಜ್ಯೋತಿರ್ವರ್ಷ ದೂರದ ಖಗೋಳಜ್ಞನೊಬ್ಬ ಇಂದು ತನ್ನ ಉಪಕರಣವನ್ನು ಇತ್ತ ತಿರುಗಿಸಿದರೆ, ಅವನನ್ನು ತಲುಪುವುದು ಇನ್ನೂರು ವರ್ಷಗಳ ಹಿಂದೆ ಇಲ್ಲಿಂದ ಹೊರಟ ಬೆಳಕು. ಅದರಲ್ಲಿ ಆಮ್ಲಜನಕದ ಗುರುತು ಇದೆ, ರೇಡಿಯೋ ಇಲ್ಲ. ಅವನು ತನ್ನ ದಾಖಲೆಯಲ್ಲಿ ಈ ಗ್ರಹದ ಎದುರು ‘ಸೂಕ್ಷ್ಮಜೀವಿಗಳಿರಬಹುದು’ ಎಂದಷ್ಟೇ ಬರೆದುಕೊಳ್ಳುತ್ತಾನೆ.